ಕುರಿ ಕೋಳಿ ಕಟ್ಟಿಕೊಂಡವರಿಗೆ ವಾರಾಂತ್ಯ ಎಲ್ಲಿಯದು?

ಇಂಗ್ಲೆಂಡಿನ ಶ್ರಾಪ್‌ಶೈರ್ ಪ್ರಾಂತ್ಯದ ಉತ್ತರ ಭಾಗದಲ್ಲಿ, ವಿಟ್‌ಚರ್ಚ್ ಎಂಬ ಸಣ್ಣ ಪೇಟೆಯ ಹೊರವಲಯದಲ್ಲಿ, ನಮಗೆ 5 ಎಕರೆ ಹುಲ್ಲುಗಾವಲು, 12 ಕುರಿ, 20 ಕೋಳಿ ಇವೆ. ಹತ್ತಿರದಲ್ಲೇ ಹಾದುಹೋಗುವ ಲ್ಯಾಂಗೊಲೆನ್ ಕಾಲುವೆಯಲ್ಲಿ 45 ಅಡಿ ಉದ್ದದ ಹಳೆಯ ನ್ಯಾರೋಬೋಟ್, ಅಂದರೆ ಇಲ್ಲಿನ ಕಾಲುವೆಗಳಿಗೆಂದೇ ಕಟ್ಟಿದ ಕಿರಿದಾದ ದೋಣಿ, ಒಂದೂ ಇದೆ. ಇವೆರಡೂ ಒಂದೇ ಸಂಸಾರದಲ್ಲಿ ಇರುವುದನ್ನು ಕೇಳಿದವರೆಲ್ಲರೂ ತಪ್ಪದೆ ಕೇಳುವ ಪ್ರಶ್ನೆಯನ್ನು ಮಂಡ್ಯದ ಹಳ್ಳಿಯಲ್ಲಿರುವ ನನ್ನ ಸೋದರತ್ತೆಯಷ್ಟು ನೇರವಾಗಿ ಯಾರೂ ಕೇಳಿಲ್ಲ: “ಅಲ್ಲ ಕಣಪ್ಪ, ಮೂಕಪ್ರಾಣಿಗಳ್ನ ಬಿಟ್ಟು ದೋಣಿ ಅತ್ಕೊಂಡು ಓಗಕ್ಕೆ ಮನಸ್ಸಾದ್ರೂ ಎಂಗೆ ಬತ್ತದೆ?”

ಪ್ರಾಣಿಗಳ ವಿಷಯವನ್ನೇ ಮೊದಲು ಹೇಳುತ್ತೇನೆ. ನಮ್ಮೂರಿನಲ್ಲಿ ನಾಟಿ, ಕಟಾವುಗಳ ಕಾಲದಲ್ಲಿ ಒಬ್ಬರ ಹೊಲಕ್ಕೆ ಇನ್ನೊಬ್ಬರು ಮುಯ್ಯಾಳಾಗಿ ಹೋಗುತ್ತಿದ್ದರಲ್ಲ, ಇಲ್ಲಿ ನಡೆಯುವುದೂ ಅದೇ. ಪಕ್ಕದ ಮನೆಯ ದಂಪತಿಗಳಿಗೆ ಎರಡು ಹಾಲು ಕರೆಯುವ ಮೇಕೆಗಳಿವೆ. ನಾವು ದೋಣಿಗೆ ಹೋದ ಶನಿವಾರ ಅವರು ನಮ್ಮ ಕೋಳಿಗೂಡು ತೆರೆದು ಮುಚ್ಚಿ, ಕುರಿಗಳನ್ನು ಎಣಿಸುತ್ತಾರೆ. ಅವರು ಮಗಳ ಮನೆಗೆ ಹೋದ ಶನಿವಾರ ನಾವು ಮೇಕೆಗಳ ಹಾಲು ಕರೆಯುತ್ತೇವೆ. ಹಣದ ಮಾತೇ ಇಲ್ಲ. ಆದರೆ ಮುಯ್ಯಿಗೂ ಒಂದು ಕಾಲವಿದೆ. ಮಾರ್ಚ್, ಏಪ್ರಿಲ್‌ನಲ್ಲಿ ಕುರಿಗಳು ಮರಿ ಹಾಕುವಾಗ ನಾವು ದೋಣಿಯ ಹೆಸರೆತ್ತುವುದಿಲ್ಲ. ಉಣ್ಣೆ ಕತ್ತರಿಸುವ ಮೊದಲು, ಅಂದರೆ ಮೇ ತಿಂಗಳ ಕೊನೆಯವರೆಗೂ, ಬೇರೆಯವರ ಮೇಲೆ ಆ ಭಾರ ಹೊರಿಸಲು ನನಗೆ ಧೈರ್ಯವಿಲ್ಲ. ಉಣ್ಣೆಯ ಭಾರಕ್ಕೆ ಅಂಗಾತ ಬಿದ್ದ ಕುರಿಗೆ ತಾನಾಗಿ ಏಳಲಾಗುವುದಿಲ್ಲ. ಹೊಟ್ಟೆ ಉಬ್ಬರಿಸಿ ಕೆಲವೇ ಗಂಟೆಗಳಲ್ಲಿ ಸಾಯುತ್ತದೆ. ಒಂದು ವರ್ಷ ಹೀಗೆಯೇ ಬಿದ್ದಿದ್ದ ನಮ್ಮ ಹಿರಿಯ ಕುರಿಯನ್ನು ಪಕ್ಕದ ಮನೆಯಾಕೆ ನೋಡಿ ಎತ್ತಿ ನಿಲ್ಲಿಸಿದ್ದರಿಂದ ಅದು ಉಳಿಯಿತು. ಆ ಹೊತ್ತಿನಲ್ಲಿ ನಾನು ದೋಣಿಯ ಮೇಲೆ ಕಾಫಿ ಕುಡಿಯುತ್ತಿದ್ದೆ ಎಂಬುದು ಇಂದಿಗೂ ಚುಚ್ಚುತ್ತದೆ.

ಬಿಟ್ಟು ಹೋದ ಪ್ರಾಣಿಗಳನ್ನು ನೋಡಿಕೊಳ್ಳುವವರಿಗೆ ಪ್ರೀತಿಯಿದ್ದರೆ ಸಾಲದು, ಇಲ್ಲಿನ ಕಾನೂನೂ ಗೊತ್ತಿರಬೇಕು. ಒಮ್ಮೆ ಲಂಡನ್ನಿನಿಂದ ಬಂದಿದ್ದ ಕನ್ನಡದ ಗೆಳೆಯರು ಮಿಕ್ಕ ಚಪಾತಿಯನ್ನು ಅಕ್ಕರೆಯಿಂದ ಕೋಳಿಗಳಿಗೆ ಹಾಕಲು ಹೊರಟಾಗ ಓಡಿಹೋಗಿ ತಡೆಯಬೇಕಾಯಿತು. ಕಲಗಚ್ಚಿನ ಬಾನಿ ಇಲ್ಲದ ಕೊಟ್ಟಿಗೆಯನ್ನೇ ನಾವು ಕಂಡವರಲ್ಲ. ಇಲ್ಲಿಯಾದರೋ ಮಾಂಸ, ಹಾಲು, ಮೊಟ್ಟೆ ಬಳಸುವ ಅಡುಗೆಮನೆಯನ್ನು ಹಾದುಬಂದ ತರಕಾರಿ ಸಿಪ್ಪೆಯನ್ನು ಕೋಳಿಗೆ ಹಾಕುವುದೂ ಅಪರಾಧ. 2001ರಲ್ಲಿ ಕಾಲುಬಾಯಿ ಜ್ವರ ದೇಶವನ್ನೆಲ್ಲ ವ್ಯಾಪಿಸಿ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಬೇಕಾಗಿ ಬಂದಾಗ, ಸರಿಯಾಗಿ ಕುದಿಸದ ಮುಸುರೆಯನ್ನು ಹಂದಿಗಳಿಗೆ ಉಣಿಸಿದ್ದರಿಂದ ಅದು ಆರಂಭವಾಯಿತೆಂದು ಕಂಡುಕೊಂಡ ಮೇಲೆ ಬಿಗಿಯಾದ ಕಟ್ಟಳೆಯಿದು. ಅತ್ತೆಗೆ ಇದನ್ನು ಹೇಳಿದೆ, ನಂಬಲಿಲ್ಲ.

ಇನ್ನು ಮನಸ್ಸು ಹೇಗೆ ಬರುತ್ತದೆ ಎಂಬ ಮಾತು. ದಣಿವಾರಿಸಿಕೊಳ್ಳಲು ಹೋಗುತ್ತೇವೆ ಎಂದುಕೊಂಡರೆ ಅದು ತಪ್ಪು, ದೋಣಿಯಲ್ಲೂ ಮೈಮುರಿಯುವ ಕೆಲಸವಿದೆ. ಆದರೆ ಜಮೀನಿನಲ್ಲಿ ಕಣ್ಣು ಹಾಯಿಸಿದ ಕಡೆಯೆಲ್ಲ ಕೆಲಸ ಕಾಣುತ್ತದೆ: ಬೇಲಿಯ ತಂತಿ ಸಡಿಲವಾಗಿದೆ, ಒಂದು ಕುರಿ ಕುಂಟುತ್ತಿದೆ, ನೀರಿನ ತೊಟ್ಟಿಗೆ ಪಾಚಿ ಕಟ್ಟಿದೆ. ಕುರ್ಚಿ ಹಾಕಿಕೊಂಡು ಕುಳಿತರೂ ಎರಡು ನಿಮಿಷದಲ್ಲಿ ಎದ್ದು ಸುತ್ತಿಗೆ ಹುಡುಕುತ್ತೇನೆ. ಕಾಲುವೆಯಲ್ಲಿ ಕಣ್ಣೆದುರಿಗೆ ಇರುವುದು ಒಂದೇ ಕೆಲಸ.

ಶನಿವಾರ ಬೆಳಿಗ್ಗೆ ಹೊರಟರೆ ಮೊದಲು ಸಿಗುವುದು ಗ್ರಿಂಡ್ಲಿ ಬ್ರೂಕ್‌ನ 6 ಲಾಕ್‌ಗಳು, ಅಂದರೆ ಎರಡೂ ಕಡೆ ಬಾಗಿಲಿದ್ದು, ನೀರು ತುಂಬಿಸಿ ಇಳಿಸಿ ದೋಣಿಯನ್ನು ಒಂದು ಮಟ್ಟದಿಂದ ಇನ್ನೊಂದಕ್ಕೆ ದಾಟಿಸುವ ತೊಟ್ಟಿಗಳು. ಅವುಗಳಲ್ಲಿ ಮೂರು ಒಂದಕ್ಕೊಂದು ಅಂಟಿಕೊಂಡು ಮೆಟ್ಟಿಲಿನಂತೆ ಇಳಿಯುತ್ತವೆ. ದೋಣಿಗಳ ಓಡಾಟ ಹೆಚ್ಚಿರುವ ತಿಂಗಳುಗಳಲ್ಲಿ ಅಲ್ಲಿ ನಮ್ಮ ನೀರುಗಂಟಿಯಂಥವರೊಬ್ಬರು ನಿಂತು ಯಾರು ಮೊದಲು, ಯಾವ ತೂಬು ಮೊದಲು ಎಂದು ಹೇಳುತ್ತಾರೆ. ಲಾಕ್‌ನ ಅಗಲ ಸುಮಾರು 7 ಅಡಿ, ದೋಣಿಯದು 6 ಅಡಿ 10 ಅಂಗುಲ. ಒಬ್ಬರು ಚುಕ್ಕಾಣಿ ಹಿಡಿದರೆ ಇನ್ನೊಬ್ಬರು ದಡದಲ್ಲಿ ಕಬ್ಬಿಣದ ಹಿಡಿಯಿಂದ ತೂಬು ಎತ್ತಬೇಕು, ಬೆನ್ನು ಕೊಟ್ಟು ಮರದ ಬಾಗಿಲು ನೂಕಬೇಕು. ಕೆಳಗಿಳಿಯುವಾಗ ಮೇಲಿನ ಬಾಗಿಲ ಬುಡದಲ್ಲಿ ನೀರೊಳಗೆ ಕಲ್ಲಿನ ಹೊಸ್ತಿಲೊಂದು ಅಡಗಿರುತ್ತದೆ. ದೋಣಿಯ ಹಿಂಭಾಗ ಆ ಹೊಸ್ತಿಲ ಮೇಲೆ ಕುಳಿತುಬಿಟ್ಟರೆ, ನೀರು ಇಳಿದಂತೆಲ್ಲ ಮುಂಭಾಗ ಕೆಳಕ್ಕೆ ಓಲಿ, ನೋಡನೋಡುತ್ತಲೇ ದೋಣಿ ಮುಳುಗುತ್ತದೆ. ಹೀಗಾಗಿ ಆ ಹತ್ತು ನಿಮಿಷ ಬೇಲಿಯ ತಂತಿ ನೆನಪಿಗೆ ಬರುವುದಿಲ್ಲ, ಬಂದರೆ ಅಪಾಯ.

ಲಾಕ್‌ಗಳ ನಡುವಿನ ಹಾದಿಯಲ್ಲಿ ವೇಗದ ಮಿತಿ ಗಂಟೆಗೆ 4 ಮೈಲಿ, ಕಟ್ಟಿ ನಿಲ್ಲಿಸಿದ ದೋಣಿಗಳನ್ನು ಹಾದುಹೋಗುವಾಗ ಅದಕ್ಕಿಂತಲೂ ನಿಧಾನ. ದಂಡೆಯ ಮೇಲೆ ನಾಯಿಯೊಂದಿಗೆ ನಡೆಯುವವರು ನಮ್ಮನ್ನು ಹಿಂದೆ ಹಾಕಿ ಹೋಗುತ್ತಾರೆ. ಕಾರಿನಲ್ಲಿ ಕಾಲು ಗಂಟೆಯಲ್ಲಿ ತಲುಪಬಹುದಾದ ರೆನ್‌ಬರಿ ಹಳ್ಳಿಗೆ ಹೋಗಲು ದಿನದ ಬಹುಪಾಲು ಹಿಡಿಯುತ್ತದೆ. ಕಾರಿನ ಲೆಕ್ಕದಲ್ಲಿ ಮನೆ ಹತ್ತಿರ, ದೋಣಿಯ ಲೆಕ್ಕದಲ್ಲಿ ದೂರ. ಓಡಿಹೋಗಿ ತಂತಿ ಬಿಗಿಯಲಾಗದಷ್ಟು ದೂರ, ಕುರಿ ಬಿತ್ತೆಂದು ಫೋನ್ ಬಂದರೆ ಟ್ಯಾಕ್ಸಿಯಲ್ಲಿ ತಲುಪುವಷ್ಟು ಹತ್ತಿರ. ನನಗೆ ಬೇಕಾದದ್ದು ಈ ಅಳತೆಯ ದೂರವೇ.

“ಆ ನಾಲೆಯಿಂದ ಯಾರ ಗದ್ದೆಗೆ ನೀರು?” ಎಂದು ಅತ್ತೆ ಇನ್ನೊಂದು ದಿನ ಕೇಳಿದರು. ವಿಶ್ವೇಶ್ವರಯ್ಯ ನಾಲೆಯ ನೀರಿನಲ್ಲಿ ಬದುಕು ಕಟ್ಟಿದವರಿಗೆ ಗದ್ದೆ ನೋಡದ ನಾಲೆ ವಿಚಿತ್ರವೇ ಸರಿ. ಈ ಕಾಲುವೆಯನ್ನು ತೋಡಿದ್ದು ಸರಕು ಸಾಗಿಸಲು. ಸಾಗಣೆ ನಿಂತುಹೋಗಿ 1944ರಲ್ಲಿ ದೋಣಿಸಂಚಾರಕ್ಕೆ ಅಧಿಕೃತವಾಗಿ ಮುಚ್ಚಿದರೂ, ವೇಲ್ಸ್‌ನ ಡೀ ನದಿಯ ನೀರನ್ನು ಹರ್ಲ್‌ಸ್ಟನ್ ಜಲಾಶಯಕ್ಕೆ, ಅಲ್ಲಿಂದ ಕುಡಿಯುವ ನೀರಾಗಿ ಮನೆಗಳಿಗೆ ಒಯ್ಯುತ್ತಿದ್ದುದರಿಂದ ಇದನ್ನು ಬತ್ತಿಸಲಿಲ್ಲ. ಹಾಗೆ ಉಳಿದದ್ದರಿಂದಲೇ ಮುಂದೆ ದೋಣಿಗಳು ಮರಳಿದವು. ಗದ್ದೆಗಲ್ಲದಿದ್ದರೂ ಕೊಡಕ್ಕೆ ನೀರು ಕೊಡುತ್ತದೆ ಎಂದಾಗ ಅತ್ತೆಗೆ ಕಾಲುವೆಯ ಮೇಲೆ ಸ್ವಲ್ಪ ಗೌರವ ಬಂದಂತಿತ್ತು. ನನ್ನ ಮೇಲಲ್ಲ.

ಭಾನುವಾರ ಮರಳುವಾಗ ಆ ಹರಿವಿಗೆ ಎದುರಾಗಿ ಏರಬೇಕು, ಹೋದುದಕ್ಕಿಂತ ಬರುವುದೇ ತಡ. ಮನೆ ತಲುಪಿದಾಗ ಕತ್ತಲು ಕವಿದಿರುತ್ತದೆ. ಚೀಲ ಇಳಿಸುವ ಮೊದಲೇ ಟಾರ್ಚ್ ಹಿಡಿದು ಗೂಡಿನಲ್ಲಿರುವ ಕೋಳಿಗಳನ್ನು ಎಣಿಸುತ್ತೇನೆ. ಪಕ್ಕದವರು ಎಣಿಸಿ ಬಾಗಿಲು ಹಾಕಿರುತ್ತಾರೆಂದು ಗೊತ್ತಿದ್ದರೂ ಮತ್ತೆ ಎಣಿಸುತ್ತೇನೆ. ಮುಂದಿನ ಶನಿವಾರ ಅವರ ಸರದಿ. ಬೆಳಿಗ್ಗೆ 6 ಗಂಟೆಗೆ ಮೇಕೆಗಳ ಹಾಲು ಕರೆಯಬೇಕು, ಅದರಲ್ಲಿ ಕರಿಯ ಮೇಕೆ ನನ್ನನ್ನು ಕಂಡರೇ ಒದೆಯುತ್ತದೆ.