"ಇದು ಸುಮ್ನ ಸುತ್ತ ಹೊಡಿತೈತೇನ್ರಿ?"

ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ. ಕಟಿಂಗ್ ಅಂಗಡಿಯಲ್ಲಿ ಕೇಳುತ್ತಾರೆ. ನಾನು ಮಾಡೆಲ್ ರೈಲಿನ ಕ್ಲಬ್ಬಿನವನು ಅಂತ ಗೊತ್ತಾದರೆ ಸಾಕು, "ಸರ, ಅದು ಸುಮ್ನ ಸುತ್ತ ಹೊಡಿತೈತೇನ್ರಿ? ಮತ್ತೇನ್ ಮಾಡ್ತೈತಿ?" ಬಾಯಲ್ಲಿ ಹೇಳಿ ಹೇಳಿ ಸಾಕಾಯ್ತು. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸಿಬಿಡುತ್ತೇನೆ.

ಇಲ್ಲ, ಸುತ್ತು ಹೊಡೆಯೋದಿಲ್ಲ. ನಮ್ಮ ರೈಲು ಗೋವಾದ ಕುಳೆಂನಲ್ಲಿ ಹೊರಟು, ದೂಧಸಾಗರ ದಾಟಿ, ಕ್ಯಾಸಲ್‌ರಾಕ್ ಹತ್ತಿ ಲೋಂಡಾಕ್ಕೆ ಬರುತ್ತದೆ. ಅಲ್ಲಿಗೆ ನಮ್ಮ ಹಳಿ ಮುಗಿಯಿತು. ವಾಪಸ್ ಹೋಗಬೇಕೆಂದರೆ ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಕಟ್ಟಬೇಕು.

ನಮ್ಮ ಅಳತೆ 1:87, ಅಂದರೆ ಅಸಲಿಯ 87ರಲ್ಲಿ ಒಂದು ಪಾಲು. ಕುಳೆಂನಿಂದ ಕ್ಯಾಸಲ್‌ರಾಕ್‌ವರೆಗಿನ ಘಾಟು ಸುಮಾರು 26 ಕಿ.ಮೀ. 87ರಿಂದ ಭಾಗಿಸಿ ನೋಡಿ, 300 ಮೀಟರ್ ಹತ್ತಿರ ಬರುತ್ತದೆ. ನಮ್ಮದು ಬೆಳಗಾವಿಯ ಉದ್ಯಮಬಾಗದಲ್ಲಿ ಬಾಡಿಗೆಗೆ ಹಿಡಿದ ಹಳೇ ಶೆಡ್. ಹಾಗಾಗಿ ಎಷ್ಟೋ ತಿರುವು, ಎಷ್ಟೋ ಸುರಂಗ ಬಿಟ್ಟಿದ್ದೇವೆ. ಏರು ಮಾತ್ರ ಬಿಟ್ಟಿಲ್ಲ. ಅಸಲಿ ಘಾಟಿನಲ್ಲಿ 37 ಅಡಿ ಹೋದರೆ 1 ಅಡಿ ಏರು. ನಮ್ಮಲ್ಲೂ ಅಷ್ಟೇ. ಒಂದು ಹಳಿಯನ್ನು ಇನ್ನೊಂದರ ಮೇಲೆ ದಾಟಿಸೋಕೆ 9 ಸೆಂಟಿಮೀಟರ್ ಎತ್ತಬೇಕು, ಅದಕ್ಕೇ 3.3 ಮೀಟರ್ ಹಳಿ ಬೇಕು. ಇಷ್ಟೆಲ್ಲ ಲೆಕ್ಕ ಹಾಕಿ ಪ್ಲೈವುಡ್ ಕೊಯ್ದಿರುತ್ತೇವೆ. ಜೂನ್ ಬರುತ್ತದೆ. ಬೆಳಗಾವಿ ಮಳೆ ಗೊತ್ತಲ್ಲ, ಪ್ಲೈವುಡ್ ಉಬ್ಬಿ ಜಾಯಿಂಟ್ ಎದ್ದು ಕೂರುತ್ತವೆ.

ಹಳಿಯ ಅಗಲ ತಪ್ಪಿದೆ ಅನ್ನುವ ಪಂಡಿತರೂ ಇದ್ದಾರೆ. ಗೊತ್ತು ಸ್ವಾಮಿ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ., ಈ ಅಳತೆಯಲ್ಲಿ 19ಕ್ಕಿಂತ ಸ್ವಲ್ಪ ಜಾಸ್ತಿ ಆಗಬೇಕು. ಅಂಗಡಿಯಲ್ಲಿ ಸಿಗೋದು 16.5. ಹೊರದೇಶದ 1435 ಮಿ.ಮೀ. ಗೇಜಿಗೆ ಮಾಡಿದ್ದು. ಮುಂದೆ ಹೋಗೋಣ.

ಒಂದು ಸಲ ಗಣಪತಿ ಹಬ್ಬದಲ್ಲಿ ಶೆಡ್ಡಿನ ಬಾಗಿಲು ಎಲ್ಲರಿಗೂ ತೆರೆದೆವು. ನಮ್ಮೂರಲ್ಲಿ ಆ ದಿನಗಳಲ್ಲಿ ಜನ ರಾತ್ರಿಯೆಲ್ಲ ಗಣಪತಿ ನೋಡುತ್ತ ತಿರುಗುತ್ತಾರೆ. ನಮ್ಮದನ್ನೂ ಯಾವುದೋ ಗಣಪತಿ ಮಂಡಳದ ದೃಶ್ಯ ಪ್ರದರ್ಶನ ಅಂದುಕೊಂಡು ಒಳಗೆ ಬಂದರು. ಒಬ್ಬರು ಕಾಕಾ, ಹಿಂದೆ ಅವರ ಇಡೀ ಮನೆ. ಆಗ ನಮ್ಮ ಕಲ್ಲಿದ್ದಲ ಗೂಡ್ಸ್ ದೂಧಸಾಗರ ಸ್ಟೇಷನ್ನಿನ ಲೂಪಿನಲ್ಲಿ, ಅಂದರೆ ಗಾಡಿ ಬದಿಗೆ ಸರಿದು ನಿಲ್ಲುವ ಪಕ್ಕದ ಹಳಿಯಲ್ಲಿ, ನಿಂತಿತ್ತು. (ಕಲ್ಲಿದ್ದಲು ಅಂದರೆ ಬಚ್ಚಲ ಒಲೆಯ ಇದ್ದಿಲು. ಕುಟ್ಟಿ, ಜರಡಿ ಹಿಡಿದು, ಫೆವಿಕಾಲ್ ನೀರು ಬಿಟ್ಟು ವ್ಯಾಗನ್ನಿಗೆ ಅಂಟಿಸಬೇಕು. ಆ ಸಲ ಅಂಟಿಸಿರಲಿಲ್ಲ.)

"ಯಾಕ್ರಿ, ಕರೆಂಟ್ ಹೋಗೇತೇನು? ಬಟನ್ ಎಲ್ಲೈತಿ?"

"ನಿಲ್ಲಿಸೀವ್ರಿ ಕಾಕಾ. ಎದುರಿಂದ ಗಾಡಿ ಬರೋದೈತಿ."

"ಏ, ಕೆಟ್ಟೈತಿ ಬಿಡ್ರಿ," ಅಂದವರೇ ಬೆರಳಿಂದ ಹಿಂದಿನ ಎಂಜಿನ್ ನೂಕಿದರು. ತಿರುವಿನಲ್ಲಿದ್ದ ವ್ಯಾಗನ್‌ಗಳು ಮಗುಚಿ, ಇದ್ದಿಲೆಲ್ಲ ಜಲಪಾತದ ಬಿಳಿ ಬಣ್ಣದ ಮೇಲೆ ಚೆಲ್ಲಿತು. ಮೊಮ್ಮಕ್ಕಳು ಚಪ್ಪಾಳೆ ಹೊಡೆದರು. ಕಾಕಾ ಒಂದು ಗಳಿಗೆ ನೋಡಿ, "ಈಗ ಖರೇ ರೈಲ್ವೆ ಆತ್ ನೋಡ್ರಿ," ಅಂದು ಹೊರಟೇಬಿಟ್ಟರು. ನಗು ಬಂತು, ನಿಜ. ಆಮೇಲೆ ಕಿವಿಬಡ್ಸ್ ಹಿಡಿದು ಜಲಪಾತ ಒರೆಸಿದವನು ನಾನು.

ಆಟಿಕೆ ಅನ್ನಿ, ಬೇಜಾರಿಲ್ಲ. ಈ ವಯಸ್ಸಿನಲ್ಲಿ ಯಾಕೆ ಅನ್ನಿ, ಅದನ್ನು ಮನೆಯಲ್ಲೇ ದಿನಾ ಕೇಳುತ್ತೇನೆ. ಆದರೆ ನಿಂತ ರೈಲು ನೋಡಿ ಕೆಟ್ಟಿದೆ ಅನ್ನಬೇಡಿ. "ಇದು ಯಾಕ ನಿಂತೈತಿ?" ಅಂತ ಕೇಳಿ. ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಕೇಳದಿದ್ದರೂ ಹೇಳುತ್ತೇನೆ.

ನಮ್ಮ ಮಾಡೆಲ್‌ನಲ್ಲಿ ಘಾಟು ಒಂಟಿ ಹಳಿ. ಮೇಲಿಂದ ಪ್ಯಾಸೆಂಜರ್ ಇಳಿಯುತ್ತಿದ್ದರೆ ಗೂಡ್ಸ್ ಲೂಪಿಗೆ ಸರಿಯಬೇಕು. ಪ್ರತಿ ಸ್ಟೇಷನ್ನಿಗೂ ಒಬ್ಬ ಮಾಸ್ತರ ಇರುತ್ತಾನೆ. ಮುಂದಿನ ಸ್ಟೇಷನ್ನಿನವ "ಲೈನ್ ಕ್ಲಿಯರ್" (ಹಳಿ ಖಾಲಿ ಐತಿ, ಕಳಿಸು) ಕೊಡುವವರೆಗೆ ಇವನು ಸಿಗ್ನಲ್ ಇಳಿಸಿ ಗಾಡಿ ಬಿಡೋ ಹಾಗಿಲ್ಲ. ನಮ್ಮ ಗಡಿಯಾರ 4 ಪಟ್ಟು ಜೋರಾಗಿ ಓಡುತ್ತದೆ, ಹದಿನೈದು ನಿಮಿಷಕ್ಕೆ ಅಲ್ಲಿ ಒಂದು ತಾಸು. ಒಬ್ಬ ಚಹಾ ಕುಡಿಯೋಕೆ ಎದ್ದರೆ ಪ್ಯಾಸೆಂಜರ್ ಅರ್ಧ ತಾಸು ಲೇಟು. ಲೋಡು ಹೊತ್ತು ಏರುವ ಗೂಡ್ಸ್ ನಿಲ್ಲಿಸಿದರೆ ಮತ್ತೆ ಎಬ್ಬಿಸೋದು ಕಷ್ಟ, ಹಾಗಂತ ಪ್ಯಾಸೆಂಜರ್ ಕಾಯಿಸೋಕೂ ಆಗಲ್ಲ. ಇದರ ಮೇಲೆ ಶೆಡ್ಡಿನಲ್ಲಿ ಎಷ್ಟು ಜಗಳ ಆಗಿದೆಯೋ. ವಾರವಿಡೀ ಲೇತ್ ಮುಂದೆ ಬಾಯಿ ಬಿಡದ ಒಬ್ಬ ಮನುಷ್ಯ ಕ್ಯಾಸಲ್‌ರಾಕ್ ಮಾಸ್ತರನ ಕುರ್ಚಿಯಲ್ಲಿ ಕೂತರೆ ಯಾರ ಮಾತೂ ಕೇಳಲ್ಲ.

ಇನ್ನು ಕರೆಂಟ್. ಅದು ಹೋಗಿರೋದಿಲ್ಲ. ಹಳಿಯಲ್ಲಿ ಯಾವಾಗಲೂ ಇರುತ್ತದೆ. ಪ್ರತಿ ಎಂಜಿನ್ನಿನ ಹೊಟ್ಟೆಯಲ್ಲಿ ಡಿಕೋಡರ್ ಅನ್ನೋ ಒಂದು ಪುಟ್ಟ ಸರ್ಕ್ಯೂಟ್, ಅದಕ್ಕೊಂದು ನಂಬರ್. ತನ್ನ ನಂಬರಿಗೆ ಹೇಳಿದ್ದನ್ನು ಮಾತ್ರ ಅದು ಕೇಳುತ್ತದೆ. ಅಸಲಿ ಘಾಟಿನ ಹಾಗೇ ಕುಳೆಂನಲ್ಲಿ ಗೂಡ್ಸಿನ ಹಿಂದೆ ನೂಕೋಕೆ ಬ್ಯಾಂಕರ್ ಎಂಜಿನ್ ಕಟ್ಟಿ, ಕ್ಯಾಸಲ್‌ರಾಕ್‌ನಲ್ಲಿ ಬಿಚ್ಚುತ್ತೇವೆ. ಮುಂದಿನ ಎಂಜಿನ್ ಒಬ್ಬರ ಕೈಯಲ್ಲಿ, ಹಿಂದಿನವು ಇನ್ನೊಬ್ಬರ ಕೈಯಲ್ಲಿ. ಹಿಂದಿನವರು ಜಾಸ್ತಿ ನೂಕಿದರೆ ವ್ಯಾಗನ್ ತಿರುವಿನ ಹೊರಗೆ ಹಾರುತ್ತವೆ. ಮುಂದಿನವರು ಜಾಸ್ತಿ ಎಳೆದರೆ ಒಳಗೆ ಬೀಳುತ್ತವೆ. ಅದಕ್ಕೇ ಸಿಗ್ನಲ್ ಬಿದ್ದ ಮೇಲೂ ಇಬ್ಬರು ಗಂಡಸರು ಒಬ್ಬರ ಮುಖ ಒಬ್ಬರು ನೋಡುತ್ತ ಸುಮ್ನೆ ನಿಂತಿರುತ್ತಾರೆ. ಆ ಹೊತ್ತಲ್ಲಿ ಮಾತ್ರ ಅವರ ಬೆನ್ನು ತಟ್ಟಿ "ಇದಕ್ಕೆಲ್ಲಾ ಎಷ್ಟ ಖರ್ಚಾತ್ರಿ?" ಅಂತ ಕೇಳಬೇಡಿ.