ಹಾಗಾದ್ರೆ ದೋಣಿ ಓಡಿಸೋರು ಯಾರು?

ನಾವೇ.

ಉತ್ತರ ಇಷ್ಟೇ. ಆದರೆ ಇಷ್ಟು ಹೇಳಿದರೆ ಯಾರೂ ಬಿಡುವುದಿಲ್ಲ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನಾನು ಹಾಯಿದೋಣಿ ಓಡಿಸುತ್ತೇನೆ. ನಮ್ಮದು ಐದು ಜನರ ತಂಡ, ಐವರೂ ಹೆಂಗಸರು, ಐವರೂ ಬೆಂಗಳೂರಿನವರು. ವರ್ಷಕ್ಕೆ ಒಂದೆರಡು ಸಲ ರೆಗಾಟಕ್ಕೆ, ಅಂದರೆ ಹಾಯಿದೋಣಿ ಪಂದ್ಯಕ್ಕೆ, ಸಮುದ್ರದ ಊರಿಗೆ ಹೋಗುತ್ತೇವೆ. ಹೆಂಗಸರ ತಂಡಗಳಿಗೆ ಅಂತಲೇ ನಡೆಯುವ ಪಂದ್ಯ.

ಇದನ್ನು ಹೇಳಿದ ಕೂಡಲೇ ಬರುವ ಮೊದಲ ಪ್ರಶ್ನೆ, ‘ಬೆಂಗಳೂರಲ್ಲಿ ಸಮುದ್ರ ಎಲ್ಲಿದೆ?’ ಇದರ ಮೇಲೆ ನನಗೆ ಸಿಟ್ಟಿಲ್ಲ. ಸಮುದ್ರಕ್ಕಿಂತ 900 ಮೀಟರ್ ಎತ್ತರದಲ್ಲಿರುವ ಊರು, ಕೇಳುವುದು ಸಹಜ. ಹಾಯಿಗೆ ಬೇಕಾಗಿರುವುದು ಗಾಳಿ ಮತ್ತು ಸ್ವಲ್ಪ ನೀರು. ಹಲಸೂರು ಕೆರೆಯ ಪಕ್ಕ ಓಡಾಡುವವರು ಬಿಳಿ ಹಾಯಿಗಳನ್ನು ನೋಡಿರುತ್ತೀರಿ. ಮದ್ರಾಸ್ ಸ್ಯಾಪರ್ಸ್‌ನ ಸೈನಿಕರು ಅಲ್ಲಿ ಎಷ್ಟೋ ವರ್ಷದಿಂದ ಅಭ್ಯಾಸ ಮಾಡುತ್ತಾರೆ. ನಾನು ಕಲಿತಿದ್ದು ಕೆಆರ್‌ಎಸ್ ಹಿನ್ನೀರಿನಲ್ಲಿ. ಜೂನ್, ಜುಲೈನಲ್ಲಿ ಪಡುವಣ ಗಾಳಿ ಬೀಸುವಾಗ ಅಲ್ಲಿ ದೋಣಿ ಹಿಡಿದು ನಿಲ್ಲಿಸುವುದೇ ಕಷ್ಟ.

ಸಿಟ್ಟು ಬರುವುದು ಎರಡನೇ ಪ್ರಶ್ನೆಗೆ.

ಹೋದ ವರ್ಷ ವಿಜಯನಗರದಲ್ಲಿ ಒಂದು ಗೃಹಪ್ರವೇಶ. ಊಟಕ್ಕೆ ಕೂತಿದ್ದೆವು. ಅಮ್ಮ ಎದುರಿನ ಸಾಲಿನಲ್ಲಿದ್ದವರಿಗೆ ನನ್ನ ವಿಷಯ ಹೇಳಿದರು. ಹೇಳುವಾಗ ಅವರ ಮುಖದಲ್ಲಿ ಖುಷಿ ಇತ್ತು. ಅಂಥದ್ದು ನಾನು ಜಾಸ್ತಿ ನೋಡಿಲ್ಲ. ಆಗ ನೆಂಟರಲ್ಲೊಬ್ಬರು ಚಿತ್ರಾನ್ನ ಕಲಸುತ್ತಾ ಕೇಳಿದರು. ‘ಬರೀ ಹೆಂಗಸರೇನಾ? ಹಾಗಾದ್ರೆ ದೋಣಿ ಓಡಿಸೋರು ಯಾರು?’

ಒರಟು ಮನುಷ್ಯರಲ್ಲ ಅವರು. ನಿಜವಾಗಿಯೂ ಗೊತ್ತಾಗದೆ ಕೇಳಿದರು. ನನ್ನನ್ನು ಚುಚ್ಚಿದ್ದೇ ಅದು. ‘ನಾವೇ ಓಡಿಸ್ತೀವಿ’ ಅಂದೆ. ‘ಅದು ಸರಿ ಕಣಮ್ಮ, ಆದ್ರೂ ಜೊತೆಗೆ ಒಬ್ಬರಾದ್ರೂ ಇರ್ತಾರಲ್ವಾ?’ ಅಂದರು. ಪಾಯಸ ಬಂತು. ಮಾತು ಪಾಯಸದ ಕಡೆಗೆ ಹೋಯಿತು. ಅಮ್ಮ ತಲೆ ತಗ್ಗಿಸಿ ಎಲೆ ನೋಡುತ್ತಿದ್ದರು.

ಆ ‘ಹಾಗಾದ್ರೆ’ ಇದೆಯಲ್ಲ, ಅದನ್ನು ಎಷ್ಟು ಬಾಯಲ್ಲಿ ಕೇಳಿದ್ದೇನೋ. ಆಫೀಸಿನಲ್ಲಿ, ಬ್ಯಾಂಕಿನಲ್ಲಿ, ಹಲ್ಲು ತೋರಿಸಲು ಹೋದ ಕಡೆ. ಐದು ಜನ ಇದ್ದಾರೆ ಅಂತ ಹೇಳಿದ ಮೇಲೂ ದೋಣಿ ಖಾಲಿ ಇದೆ ಅನ್ನುವ ಹಾಗೆ ಕೇಳುತ್ತಾರೆ.

ಅವತ್ತು ಹೇಳದೆ ಉಳಿದದ್ದನ್ನು ಇಲ್ಲಿ ಹೇಳುತ್ತೇನೆ. 2017ರ ಸೆಪ್ಟೆಂಬರ್ 10ರಂದು ನಮ್ಮ ನೌಕಾಪಡೆಯ ಆರು ಜನ ಹೆಂಗಸರು ಗೋವಾದಿಂದ ‘ತಾರಿಣಿ’ ಎಂಬ ಹಾಯಿದೋಣಿಯಲ್ಲಿ ಹೊರಟರು. ಉದ್ದ ಸುಮಾರು 17 ಮೀಟರ್. ವರ್ತಿಕಾ ಜೋಶಿ ನಾಯಕಿ. ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಸುತ್ತಿ, ಭೂಮಿಯನ್ನೇ ಸುತ್ತಿ, 2018ರ ಮೇ 21ಕ್ಕೆ ಗೋವಾಕ್ಕೆ ವಾಪಸ್ ಬಂದರು. ಅದೇ ದೋಣಿಯಲ್ಲಿ 2024ರ ಅಕ್ಟೋಬರ್‌ನಲ್ಲಿ ನೌಕಾಪಡೆಯ ದಿಲ್ನಾ ಮತ್ತು ರೂಪಾ ಹೊರಟರು. ಈ ಸಲ ಇಬ್ಬರೇ. ಒಬ್ಬರು ಮಲಗಿದರೆ ಇನ್ನೊಬ್ಬರು ಎದ್ದಿರಬೇಕು. ಎಂಟು ತಿಂಗಳು ಹಾಗೇ. ಅವರ ಜೊತೆ ‘ಒಬ್ಬರಾದ್ರೂ’ ಇರಲಿಲ್ಲ.

ಅದಕ್ಕೂ ಎಷ್ಟೋ ಮೊದಲು, 1989ರಲ್ಲಿ, ಟ್ರೇಸಿ ಎಡ್ವರ್ಡ್ಸ್ ಎಂಬ ಇಂಗ್ಲಿಷ್ ಹುಡುಗಿ ಒಂದು ಹಳೆಯ ದೋಣಿ ಕೊಂಡು ರಿಪೇರಿ ಮಾಡಿ, ಹೆಂಗಸರದೇ ತಂಡ ಕಟ್ಟಿ, ವಿಟ್‌ಬ್ರೆಡ್ ಎಂಬ ವಿಶ್ವ ಸುತ್ತುವ ರೇಸಿಗೆ ಇಳಿದಳು. ದೋಣಿಯ ಹೆಸರು ಮೇಡನ್. ಮೊದಲ ಹಂತವನ್ನೂ ಇವರು ಮುಗಿಸುವುದಿಲ್ಲ ಅಂದವರಿದ್ದರು. ಅವರು ತಮ್ಮ ವರ್ಗದಲ್ಲಿ ಎರಡು ಹಂತ ಗೆದ್ದರು, ಒಟ್ಟಾರೆ ಅದೇ ವರ್ಗದಲ್ಲಿ ಎರಡನೆಯವರಾಗಿ ಬಂದರು.

ನನಗೆ ಇವತ್ತಿಗೂ ಬೇಜಾರು ತರಿಸುವ ಕಥೆ ಇನ್ನೊಂದಿದೆ. 1995ರ ಅಮೆರಿಕಾಸ್ ಕಪ್ ಎಂಬ ಹೆಸರಾಂತ ಹಾಯಿದೋಣಿ ಪಂದ್ಯ. ಬಿಲ್ ಕೋಕ್ ಎಂಬ ಶ್ರೀಮಂತ ಹೆಂಗಸರ ತಂಡ ಕಟ್ಟಿಸಿದ. ಚೆನ್ನಾಗಿ ಶುರು ಮಾಡಿದರು. ಆಮೇಲೆ, ಆಯ್ಕೆಯ ರೇಸುಗಳು ಇನ್ನೂ ನಡೆಯುತ್ತಿರುವಾಗಲೇ, ದಾರಿ ಹೇಳಲು ಒಬ್ಬ ಗಂಡಸನ್ನು ಹತ್ತಿಸಿದರು. ತಂಡ ಕೊನೆಗೂ ಸೋತಿತು. ಅವನು ಒಳ್ಳೆಯ ನಾವಿಕನೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ದಿನ ದೋಣಿಯಲ್ಲಿದ್ದ ಉಳಿದವರ ಮುಖ ನೆನೆಸಿಕೊಂಡರೆ ನನಗೆ ವಿಜಯನಗರದ ಊಟದ ಸಾಲೇ ನೆನಪಾಗುತ್ತದೆ.

ಹೆಂಗಸರಿಗೆ ಬೇರೆ ಪಂದ್ಯ ಯಾಕೆ ಬೇಕು ಅಂತ ಕೇಳಿ. ಸಿಟ್ಟಾಗುವುದಿಲ್ಲ, ಕೂತು ಉತ್ತರ ಹೇಳುತ್ತೇನೆ.

ಮೂರು ವರ್ಷ ನಾನು ಗಂಡಸರೂ ಹೆಂಗಸರೂ ಇರುವ ತಂಡದಲ್ಲಿದ್ದೆ. ಎಲ್ಲರೂ ಒಳ್ಳೆಯವರು. ‘ನೀನು ಹಗುರ, ಮುಂದೆ ಹೋಗು’ ಅನ್ನುತ್ತಿದ್ದರು. ಮುಂತುದಿಯ ಕೆಲಸ ಸಣ್ಣದಲ್ಲ. ಬಲೂನಿನ ಹಾಗೆ ಉಬ್ಬುವ ಸ್ಪಿನ್ನೇಕರ್ ಹಾಯಿಯನ್ನು ಏರಿಸುವುದು, ಇಳಿಸುವುದು ಎಲ್ಲ ಅಲ್ಲೇ. ಕೈ ಸುಲಿಯುತ್ತದೆ. ಆದರೆ ಮೂರು ವರ್ಷದಲ್ಲಿ ಒಂದು ರೇಸಿನಲ್ಲೂ ನಾನು ಚುಕ್ಕಾಣಿ ಹಿಡಿಯಲಿಲ್ಲ. ಎಡಕ್ಕೆ ಹೋಗೋಣವಾ ಬಲಕ್ಕಾ ಅಂತ ನನ್ನನ್ನು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಬೇಡ ಅಂದವರು ಯಾರೂ ಇಲ್ಲ, ಸುಮ್ನೆ ಹಾಗೇ ನಡೆದುಹೋಯಿತು.

ಮೊದಲ ಹೆಂಗಸರ ರೆಗಾಟದ ಬೆಳಗ್ಗೆ ಚುಕ್ಕಾಣಿ ನನ್ನ ಕೈಗೆ ಬಂತು. ರೇಸ್ ಶುರುವಾಗುವ ಕ್ರಮ ಹೀಗೆ. ಐದು ನಿಮಿಷ ಇರುವಾಗ ಒಂದು ಬಾವುಟ ಏರುತ್ತದೆ. ನಾಲ್ಕು ನಿಮಿಷಕ್ಕೆ ಇನ್ನೊಂದು. ಒಂದು ನಿಮಿಷಕ್ಕೆ ಅದು ಇಳಿಯುತ್ತದೆ. ಸೊನ್ನೆಗೆ ಮೊದಲ ಬಾವುಟವೂ ಇಳಿಯುತ್ತದೆ, ಆಗ ಗೆರೆ ದಾಟಬಹುದು. ಹಾಯಿದೋಣಿಗೆ ಬ್ರೇಕ್ ಇಲ್ಲ. ನಾನು ಎರಡು ಸೆಕೆಂಡ್ ಮೊದಲೇ ದಾಟಿದೆ. ನಮಗಾಗಿ ಎಕ್ಸ್ ಬಾವುಟ ಏರಿತು. ಇಡೀ ದೋಣಿ ತಿರುಗಿಸಿ, ಗೆರೆಯ ಹಿಂದಕ್ಕೆ ಬಂದು, ಮತ್ತೆ ಹೊರಡಬೇಕು. ಉಳಿದವರೆಲ್ಲ ಮುಂದೆ ಹೋಗಿಬಿಟ್ಟಿದ್ದರು.

ನನ್ನ ತಪ್ಪು. ಯಾರ ಮುಖ ನೋಡಲೂ ಜಾಗವಿರಲಿಲ್ಲ. ನಾಲ್ಕೂ ಜನ ನನ್ನನ್ನೇ ನೋಡುತ್ತಿದ್ದರು, ಈಗ ಏನು ಅಂತ. ಆಗ ನನ್ನ ಬಾಯಿಂದ ‘ಎಡಕ್ಕೆ’ ಅಂತ ಬಂತು. ಎಡಗಡೆ ನೀರು ಕಪ್ಪಗಿತ್ತು.

ನೀರು ಕಪ್ಪಗಿದ್ದರೆ ಏನು ಅಂತ ಕೇಳಿ. ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ!

ಗಾಳಿ ಕಣ್ಣಿಗೆ ಕಾಣುತ್ತದೆ. ಜೋರು ಗಾಳಿ ನೀರಿನ ಮೇಲೆ ಇಳಿದ ಕಡೆ ಸಣ್ಣ ಸಣ್ಣ ಸುಕ್ಕು ಏಳುತ್ತವೆ. ಆ ಜಾಗ ಕಪ್ಪಗೆ ಕಾಣುತ್ತದೆ. ಆ ಕಪ್ಪು ಓಡುತ್ತಾ ಬರುತ್ತದೆ, ಅದು ದೋಣಿ ಮುಟ್ಟುವ ಮೊದಲೇ ನೀವು ತಯಾರಾಗಬೇಕು. ಹಾಯಿಗೆ ಉಣ್ಣೆಯ ಎಳೆಗಳನ್ನು ಅಂಟಿಸಿರುತ್ತೇವೆ. ಎರಡೂ ಬದಿಯ ಎಳೆ ನೆಟ್ಟಗೆ ಹಿಂದಕ್ಕೆ ಹಾರುತ್ತಿದ್ದರೆ ಹಾಯಿ ಸರಿಯಾಗಿದೆ. ಗಾಳಿಗೆ ನೇರ ಎದುರಾಗಿ ಯಾವ ಹಾಯಿದೋಣಿಯೂ ಹೋಗಲಾರದು. ಸುಮಾರು 45 ಡಿಗ್ರಿ ಓರೆಯಾಗಿ ಹೋಗಬೇಕು, ಆಮೇಲೆ ಇನ್ನೊಂದು ಓರೆಗೆ ತಿರುಗಬೇಕು. ಘಾಟಿ ರಸ್ತೆ ಹತ್ತಿದ ಹಾಗೆ. ಹಾಯಿ ರೆಕ್ಕೆಯ ಹಾಗೆ ಎಳೆಯುತ್ತದೆ, ದೋಣಿಯ ಅಡಿಯಲ್ಲಿ ನೀರೊಳಗಿರುವ ಕೀಲ್ ಎಂಬ ಚಪ್ಪಟೆ ಭಾಗ ಪಕ್ಕಕ್ಕೆ ಜಾರದಂತೆ ತಡೆಯುತ್ತದೆ. ಗಾಳಿಯನ್ನೇ ಹಿಡಿದು ಗಾಳಿ ಬರುವ ಕಡೆಗೇ ಹೋಗುವುದು! ಇದನ್ನು ಹೇಳಲು ನನಗೆ ಒಂದು ಇಡೀ ಸಂಜೆ ಬೇಕು.

ಕೆರೆಯಲ್ಲಿ ಕಲಿತವರಿಗೆ ಇದು ಇನ್ನೂ ಚೆನ್ನಾಗಿ ಬರುತ್ತದೆ. ಸುತ್ತ ಮರ, ಕಟ್ಟಡ, ಗುಡ್ಡ. ಗಾಳಿ ಒಂದೇ ಕಡೆಯಿಂದ ಬರುವುದಿಲ್ಲ, ಸುಳಿಯುತ್ತದೆ. ಕಣ್ಣು ನೀರಿನ ಮೇಲೇ ಇರಬೇಕು.

ಅವತ್ತು ಆ ಕಪ್ಪು ನೀರು ನಮ್ಮನ್ನು ಎತ್ತಿಕೊಂಡು ಹೋಯಿತು. ಮೊದಲ ತಿರುವಿನ ಹತ್ತಿರ ಒಂದು ದೋಣಿ ನಮಗೆ ಅಡ್ಡ ಬಂತು. ಬಲಬದಿಯಿಂದ ಗಾಳಿ ಪಡೆಯುವ ದೋಣಿಗೆ ಎಡಬದಿಯದು ದಾರಿ ಬಿಡಬೇಕು, ಅದು ನಿಯಮ. ನಮ್ಮದು ಬಲಬದಿ. ನಾನು ಇರುವಷ್ಟೂ ಗಂಟಲಿನಿಂದ ‘ಸ್ಟಾರ್‌ಬೋರ್ಡ್!’, ಅಂದರೆ ಬಲಬದಿ, ಎಂದು ಕೂಗಿದೆ. ಮನೆಯಲ್ಲಿ ಗಟ್ಟಿಯಾಗಿ ಮಾತಾಡಬೇಡ ಅನ್ನಿಸಿಕೊಂಡು ಬೆಳೆದವಳು ನಾನು. ಆ ದೋಣಿ ತಿರುಗಿತು, ದಾರಿ ಬಿಟ್ಟಿತು. ನಮ್ಮೊಳಗೆ ‘ಎಳಿ, ಎಳಿ, ಬಿಡು!’ ಅಂತ ಕನ್ನಡದಲ್ಲೇ ಕೂಗಾಡುತ್ತಾ ಹೋದೆವು. ಕೊನೆಯವರಾಗಿ ಹೊರಟು ನಾಲ್ಕನೆಯವರಾಗಿ ಬಂದೆವು.

ಅಮ್ಮನಿಗೆ ಫೋನ್ ಮಾಡಿ ಎಲ್ಲ ಹೇಳಿದೆ, ಎಕ್ಸ್ ಬಾವುಟವನ್ನೂ ಸೇರಿಸಿ. ಅವರು ಕೇಳಿದ್ದು ಒಂದೇ. ‘ಅಷ್ಟು ಜೋರಾಗಿ ಕೂಗಿದ್ಯಾ?’

ಮುಂದಿನ ತಿಂಗಳು ಮತ್ತೆ ಹೊರಡುತ್ತೇವೆ, ರಾತ್ರಿ ರೈಲಿಗೆ. ನಮ್ಮಲ್ಲಿ ದಿನಕ್ಕೊಬ್ಬರು ಚುಕ್ಕಾಣಿ ಹಿಡಿಯುತ್ತಾರೆ. ಮೊದಲ ದಿನ ಅದು ನನ್ನದಲ್ಲ, ನಾನು ಮುಂತುದಿಯಲ್ಲಿ ಸ್ಪಿನ್ನೇಕರ್ ಜೊತೆ ಇರುತ್ತೇನೆ. ಓಡಿಸುವವಳು ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು. 19 ವರ್ಷ, ಕಾಲೇಜಿಗೆ ಎರಡು ದಿನ ರಜೆ ಹಾಕಿದ್ದಾಳೆ.