ಹುಲ್ಲಿನಡಿಯ ಕೋಟೆ ಹುಡುಕುವುದು ಹೇಗೆ

ಇಂಗ್ಲೆಂಡ್-ವೇಲ್ಸ್ ಗಡಿಯಲ್ಲಿ ಕಲ್ಲಿನ ಗೋಡೆಯನ್ನೇ ಹುಡುಕುತ್ತ ಹೊರಟರೆ ಬರಿಗೈಲಿ ವಾಪಸಾಗುತ್ತೀರಿ. 1066ರಲ್ಲಿ ಫ್ರಾನ್ಸಿನ ನಾರ್ಮಂಡಿಯಿಂದ ಬಂದು ಇಂಗ್ಲೆಂಡ್ ಗೆದ್ದ ನಾರ್ಮನ್ನರು ಆನಂತರ ಇಲ್ಲಿ ಎಬ್ಬಿಸಿದ ಎಷ್ಟೋ ಕೋಟೆಗಳು ಮಣ್ಣಿನ ದಿಬ್ಬ, ಕಂದಕ, ಮರದ ಬೇಲಿ, ಅಷ್ಟೆ. ಮರ ಕೊಳೆತುಹೋಯಿತು, ಮಣ್ಣಿನ ಆಕಾರ ಉಳಿಯಿತು.

ಮೊದಲು ಹೊಲಗಳ ಹೆಸರು ನೋಡಿ. 1836ರ ಕಾಯ್ದೆಯಿಂದಾಗಿ ತಯಾರಾದ ಟೈದ್ (ಚರ್ಚಿಗೆ ಕೊಡುತ್ತಿದ್ದ ಬೆಳೆಯ ತೆರಿಗೆ) ನಕ್ಷೆಗಳ ಜೊತೆಗಿನ ಪಟ್ಟಿಯಲ್ಲಿ ಅವು ಸಿಗುತ್ತವೆ. ‘ಕ್ಯಾಸಲ್ ಫೀಲ್ಡ್’, ‘ಟೋಮೆನ್’ (ವೆಲ್ಷ್ ಭಾಷೆಯಲ್ಲಿ ದಿಬ್ಬ) ಕಂಡರೆ ಗುರುತು ಹಾಕಿಕೊಳ್ಳಿ. ಮಾಂಟ್‌ಗೊಮರಿ ಹತ್ತಿರದ ಹೆನ್ ಡೋಮೆನ್ ಅಂದರೆ ‘ಹಳೆ ದಿಬ್ಬ’ ಎಂದೇ ಅರ್ಥ, ಅದು ನಿಜವಾಗಿಯೂ ಹಳೆಯ ಕೋಟೆಯೇ.

ಆಮೇಲೆ ಲೈಡಾರ್, ಅಂದರೆ ವಿಮಾನದಿಂದ ಲೇಸರ್ ಹಾಯಿಸಿ ನೆಲದ ಏರಿಳಿತ ಅಳೆಯುವ ವಿಧಾನ. 1 ಮೀಟರ್ ರೆಸಲ್ಯೂಶನ್ನಿನ ದತ್ತಾಂಶ ಉಚಿತವಾಗಿ ಸಿಗುತ್ತದೆ. ಬಹಳ ಜನ ಎಡವುವುದು ಇಲ್ಲೇ: ಕಂಪ್ಯೂಟರಿನಲ್ಲಿ ಈ ದತ್ತಾಂಶದ ಮೇಲೆ ವಾಯವ್ಯದಿಂದ ಮಾತ್ರ ಕೃತಕ ಬೆಳಕು ಹಾಯಿಸಿ ನೋಡಿದರೆ, ಅದೇ ದಿಕ್ಕಿಗೆ ಸಾಗುವ ಕಂದಕಕ್ಕೆ ನೆರಳೇ ಬೀಳದೆ ಅದು ಮಾಯವಾಗುತ್ತದೆ. ಎಂಟು ದಿಕ್ಕಿನಿಂದಲೂ ನೋಡಿ. ದಿಬ್ಬಕ್ಕೆ ಅಡ್ಡಲಾಗಿ ಎತ್ತರದ ಪ್ರೊಫೈಲ್ (ಏರಿಳಿತ ತೋರಿಸುವ ಗೆರೆ) ತೆಗೆಯಿರಿ. ಕಂಚಿನ ಯುಗದ ಸಮಾಧಿ ದಿಬ್ಬವೂ ದುಂಡಗೇ ಇರುತ್ತದೆ. ಆದರೆ ಕೋಟೆಯ ದಿಬ್ಬಕ್ಕೆ ಸಾಮಾನ್ಯವಾಗಿ ಚಪ್ಪಟೆ ತಲೆ, ಕಡಿದಾದ ಬದಿ, ಪಕ್ಕದಲ್ಲಿ ಮಣ್ಣಿನ ಏರಿ ಸುತ್ತುವರಿದ ಅಂಗಳ.

ಬರದ ಬೇಸಿಗೆಯಲ್ಲಿ ಮುಚ್ಚಿಹೋದ ಕಂದಕದ ಮೇಲಿನ ಹುಲ್ಲು ಮಾತ್ರ ಹಸಿರಾಗಿರುತ್ತದೆ, ಅಲ್ಲಿ ತೇವ ನಿಂತಿರುವುದರಿಂದ. ಹೋಗುವ ಮುಂಚೆ ಜಮೀನಿನವರ ಒಪ್ಪಿಗೆ ಪಡೆಯಿರಿ. ಸಂರಕ್ಷಿತ ತಾಣದಲ್ಲಿ ಅನುಮತಿಯಿಲ್ಲದೆ ಮೆಟಲ್ ಡಿಟೆಕ್ಟರ್ ಬಳಸುವುದು ಇಂಗ್ಲೆಂಡಿನಲ್ಲಿ 1979ರ, ವೇಲ್ಸ್‌ನಲ್ಲಿ 2023ರ ಕಾಯ್ದೆ ಪ್ರಕಾರ ಅಪರಾಧ.